ಹತ್ತು ದಿನದ ಮಿಷನ್ ಪ್ರವಾಸದಲ್ಲಿ ಗೆಳೆತನ: ಪಶ್ಚಿಮ ಕೀನ್ಯಾಕ್ಕೆ ಹೊರಟವರಿಗೆ

ಕ್ರೈಸ್ತ ಸಭೆಯ ಪರವಾಗಿ ಮಿಷನ್ ಪ್ರವಾಸಕ್ಕೆ ಹೊರಟ ತಂಡದ ಸೂಟ್‌ಕೇಸ್ ಬಿಚ್ಚಿದರೆ ಸಾಮಾನ್ಯವಾಗಿ ಕಾಣುವುದು ಇಷ್ಟು: ಮಕ್ಕಳಿಗೆ ಹಂಚಲು ಪೆನ್ಸಿಲ್ಲು, ಬಲೂನು, ಚಾಕೊಲೇಟು, ಹಳೇ ಬಟ್ಟೆಯ ಗಂಟು, ತಮಗೆಂದು ಬಿಸಿನೀರು ಸುರಿದರೆ ಆಗುವ ಉಪ್ಪಿಟ್ಟು, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಚಕ್ಕುಲಿ. ಕೊಡುವುದಕ್ಕೆ ಬೇಕಾದ್ದೂ ಇದೆ, ತಿನ್ನುವುದಕ್ಕೆ ಬೇಕಾದ್ದೂ ಇದೆ. ಅಲ್ಲಿನವರಿಂದ ಏನನ್ನೂ ತೆಗೆದುಕೊಳ್ಳುವ ಪ್ರಸಂಗವೇ ಬರದ ಹಾಗೆ ಕಟ್ಟಿದ ಸೂಟ್‌ಕೇಸ್ ಅದು. ಅದನ್ನು ಎಳೆದುಕೊಂಡು ಹೋದವರಿಗೆ ಫೋಟೊ ನೂರಾರು ಸಿಗುತ್ತವೆ, ಗೆಳೆಯರು ಸಿಗುವುದು ಕಷ್ಟ.

ಹತ್ತು ದಿನದಲ್ಲಿ ಎಂಥ ಗೆಳೆತನ ಎಂದು ಮೂಗು ಮುರಿಯುವವರಿದ್ದಾರೆ. ಆಗುತ್ತದೆ. ಆದರೆ ನೀವು ನೆಂಟರಾಗಲು ಒಪ್ಪಬೇಕು. ನೆಂಟರ ಮನೆಗೆ ಹೋದವರು ಅಲ್ಲಿನ ಯಜಮಾನಿಕೆ ವಹಿಸಿಕೊಳ್ಳುವುದಿಲ್ಲ. ಬಡಿಸಿದ್ದನ್ನು ಉಣ್ಣುತ್ತಾರೆ, ಗೊತ್ತಿಲ್ಲದ್ದನ್ನು ಕೇಳುತ್ತಾರೆ, ಹೊರಡುವಾಗ ಹೇಳಿ ಹೊರಡುತ್ತಾರೆ. ಮಿಷನ್ ತಂಡಗಳಿಗೆ ಇದು ಯಾಕೆ ಒಗ್ಗುವುದಿಲ್ಲ ಎಂದರೆ, ಊರಲ್ಲಿ ಚಂದಾ ಎತ್ತುವಾಗಲೇ "ಅಲ್ಲಿಯ ಬಡವರಿಗೆ ಸಹಾಯ" ಎಂದು ಹೇಳಿ ಆಗಿರುತ್ತದೆ. ಆಮೇಲೆ ಆ ಬಡವರ ಮನೆಯಲ್ಲಿ ಕೋಳಿ ಕೊಯ್ದು ಬಡಿಸಿದಾಗ ಏನು ಮಾಡಬೇಕೆಂದು ತೋಚುವುದಿಲ್ಲ.

ಎಲ್ಲ ದೇಶಕ್ಕೂ ಸಲ್ಲುವ ಉಪದೇಶ ಬರೆಯುವುದು ಸುಲಭ, ಕೆಲಸಕ್ಕೆ ಬಾರದು. ಹಾಗಾಗಿ ಒಂದೇ ಸೀಮೆಯನ್ನು ಹಿಡಿಯುತ್ತೇನೆ: ಪಶ್ಚಿಮ ಕೀನ್ಯಾದ ಕಾಕಮೆಗಾ, ವಿಹಿಗಾ, ಬುಂಗೋಮಾ ಕಡೆಯ ಲುಹ್ಯಾ ಜನರ ಹಳ್ಳಿಗಳು, ಪಕ್ಕದ ಕಿಸುಮು ಸುತ್ತಿನ ಲುವೊ ಜನರ ಊರುಗಳು. ಮೊದಲಿಗೇ ತಿಳಿದಿರಬೇಕಾದ್ದು, 2019ರ ಜನಗಣತಿಯಂತೆ ಕೀನ್ಯಾದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಮಂದಿ ಕ್ರೈಸ್ತರು. ವಿಹಿಗಾ ಸೀಮೆಯ ಕೈಮೋಸಿಗೆ ಕ್ವೇಕರ್ ಎಂಬ ಕ್ರೈಸ್ತ ಪಂಥದ ಅಮೆರಿಕದ ಮಿಷನರಿಗಳು ಬಂದದ್ದು 1902ರಲ್ಲಿ. ಇವತ್ತು ಲೋಕದಲ್ಲೇ ಅತಿ ಹೆಚ್ಚು ಕ್ವೇಕರರಿರುವ ದೇಶ ಕೀನ್ಯಾ. ಅವರ ಸಭೆಗೆ ಅಲ್ಲಿ ಫ್ರೆಂಡ್ಸ್ ಚರ್ಚ್ ಎಂದೇ ಹೆಸರು, ನಮ್ಮ ವಿಷಯಕ್ಕೆ ಹೇಳಿ ಮಾಡಿಸಿದ ಹಾಗಿದೆ. ಯೇಸುವಿನ ಹೆಸರು ಕೇಳದವರು ಅಲ್ಲಿ ನಿಮ್ಮ ದಾರಿ ಕಾಯುತ್ತಿಲ್ಲ. ಕಾಯುತ್ತಿರುವುದು ನಿಮಗಿಂತ ಉದ್ದ ಪ್ರಾರ್ಥನೆ ಮಾಡುವ, ನಿಮಗಿಂತ ಚೆನ್ನಾಗಿ ಹಾಡುವ ಸಭೆ. ಈ ಒಂದು ಮಾತು ತಲೆಗೆ ಇಳಿದರೆ ಅರ್ಧ ತಪ್ಪುಗಳು ತಾವಾಗಿಯೇ ತಪ್ಪುತ್ತವೆ.

ಹೊರಡುವ ಮುಂಚಿನದನ್ನು ಬೇಗ ಹೇಳಿಬಿಡುತ್ತೇನೆ. ನಮ್ಮ ಏಪ್ರಿಲ್-ಮೇ ರಜೆ ಅಲ್ಲಿ ದೊಡ್ಡ ಮಳೆಗಾಲ. ಮಾರ್ಚಿಯಿಂದ ಮೇವರೆಗೆ ಕೆಂಪು ಮಣ್ಣಿನ ರಸ್ತೆ ಕೆಸರಾಗಿರುತ್ತದೆ, ಜನ ಹೊಲದಲ್ಲಿರುತ್ತಾರೆ. ಆಗಸ್ಟ್ ಒಳ್ಳೆಯದು, ಅಲ್ಲಿನ ಶಾಲೆಗಳಿಗೂ ರಜೆ. ಸಮಸಂಖ್ಯೆಯ ವರ್ಷದ ಆಗಸ್ಟಿನಲ್ಲಿ ಬುಂಗೋಮಾ ಕಡೆ ಲುಹ್ಯಾ ಜನರಲ್ಲೇ ಒಂದು ಪಂಗಡವಾದ ಬುಕುಸು ಹುಡುಗರ ಸುನ್ನತಿ ಮೆರವಣಿಗೆಗಳು ಹೊರಡುತ್ತವೆ. ಎದುರಾದರೆ ದಾರಿ ಬಿಡಿ, ಫೋನು ಜೇಬಿನಲ್ಲೇ ಇರಲಿ. ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿ ಹಳದಿ ಕಾರ್ಡ್ ಪಾಸ್‌ಪೋರ್ಟಿನ ಜೊತೆ ಇಟ್ಟುಕೊಳ್ಳಿ. ಕಾರ್ಡಿಲ್ಲದೆ ವಾಪಸು ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಆರು ದಿನದವರೆಗೆ ಪ್ರತ್ಯೇಕ ಇರಿಸಬಹುದು. ಕಿಸುಮು ಕಡೆಯ ವಿಕ್ಟೋರಿಯಾ ಸರೋವರದ ಸೀಮೆಯಲ್ಲಿ ಮಲೇರಿಯಾ ಜೋರು, ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. 2024ರ ಜನವರಿಯಿಂದ ವೀಸಾ ಬದಲು ಇಟಿಎ ಎಂಬ ಆನ್‌ಲೈನ್ ಪ್ರಯಾಣ ಅನುಮತಿ ಬಂದಿದೆ. ಪಾಠ ಹೇಳುವುದು, ವೈದ್ಯಕೀಯ ಶಿಬಿರ ಇತ್ಯಾದಿ ಇದ್ದರೆ ಅದಕ್ಕೆ ಬೇರೆ ಪರವಾನಗಿ ಬೇಕೇ ಎಂದು ಕರೆಸಿಕೊಳ್ಳುವ ಸಭೆಯವರ ಮೂಲಕ ಮೊದಲೇ ವಿಚಾರಿಸಿ. ಮತ್ತೆ, ಪ್ಲಾಸ್ಟಿಕ್ ಕೈಚೀಲವನ್ನು ಕೀನ್ಯಾ 2017ರ ಆಗಸ್ಟಿನಲ್ಲೇ ನಿಷೇಧಿಸಿದೆ. ಉಡುಗೊರೆಗಳನ್ನು ಅಂಗಡಿ ಕವರಿನಲ್ಲಿ ಸುತ್ತಿ ಒಯ್ಯಬೇಡಿ, ಬಟ್ಟೆ ಚೀಲ ಸಾಕು. ಹಳೇ ಬಟ್ಟೆಯನ್ನಂತೂ ಬಿಟ್ಟೇ ಹೋಗಿ. ಅಲ್ಲಿ ಮಿತುಂಬಾ ಎಂಬ ಹಳೇ ಬಟ್ಟೆ ಸಂತೆ ಊರೂರಲ್ಲಿದೆ, ನೀವು ಹೊತ್ತದ್ದಕ್ಕಿಂತ ಒಳ್ಳೆಯದು ಅಲ್ಲೇ ಸಿಗುತ್ತದೆ.

ನಾಲಿಗೆ ತಿರುಗಿಸುವ ಕೆಲಸ

ಕೀನ್ಯಾದಲ್ಲಿ ಶಾಲೆಗೆ ಹೋದವರಿಗೆಲ್ಲ ಇಂಗ್ಲಿಷ್ ಬರುತ್ತದೆ, ಸ್ವಾಹಿಲಿ ಬರುತ್ತದೆ, ಮನೆಯ ಭಾಷೆ ಬೇರೆ. ಇಂಗ್ಲಿಷಿನಲ್ಲೇ ನಡೆಯುತ್ತದಲ್ಲ ಎಂದು ಸ್ವಾಹಿಲಿ ಬಿಟ್ಟವರು ಯುವಕರ ಜೊತೆ ಮಾತಾಡಿ ಬರುತ್ತಾರೆ, ಅಜ್ಜಿಯರ ಜೊತೆ ನಗುತ್ತಾ ಕೂತು ಬರುತ್ತಾರೆ. ಮನೆಯಲ್ಲಿ ಮಾತು ನಡೆಸುವವರು ಅಜ್ಜಿಯರು.

ಕನ್ನಡಿಗರಿಗೆ ಸ್ವಾಹಿಲಿ ಕಲಿಯಲು ಒಂದು ಸಲೀಸಿದೆ. ಪದಗಳೆಲ್ಲ ಸ್ವರದಲ್ಲಿ ಮುಗಿಯುತ್ತವೆ. ನಾವು ಬಸ್ಸು, ಬ್ಯಾಂಕು, ಶರ್ಟು ಎಂದು ಬಾಲ ಸೇರಿಸುವ ಹಾಗೆಯೇ ಅವರು ಬಾಸಿ, ಬೆಂಕಿ, ಶಾತಿ ಅನ್ನುತ್ತಾರೆ. ಹೌದು, ಬ್ಯಾಂಕಿಗೆ ಬೆಂಕಿ. ಅರಬ್ಬೀ ಮೂಲದ, ಹಿಂದೂಸ್ತಾನದ ಕಡೆಯಿಂದ ಹೋದ ಮಾತುಗಳು ಬೇರೆ ಇವೆ: ಸಾಬೂನಿಗೆ ಸಬೂನಿ, ಬಣ್ಣಕ್ಕೆ ರಂಗಿ, ಲೆಕ್ಕಕ್ಕೆ ಹಿಸಾಬು, ವಿಮೆಗೆ ಬೀಮಾ, ಗಾಡಿಗೆ ಗಾರಿ, ಅಂಗಡಿಗೆ ದುಕಾ, ಲೋಕಕ್ಕೆ ದುನಿಯಾ. ಧಾರವಾಡದ ಕಡೆಯವರ 'ಖಬರು' ಅಲ್ಲಿ 'ಹಬಾರಿ', ಅದೇ ಅವರ ಕ್ಷೇಮ ಸಮಾಚಾರ. ಹಬಾರಿ ಎಂದು ಕೇಳಿದರೆ 'ನ್ಜೂರಿ' ಅನ್ನಬೇಕು, ಚೆನ್ನಾಗಿದೆ ಎಂದು. ಹೊಟ್ಟೆ ಕೆಟ್ಟಿದ್ದರೂ ಮೊದಲು ನ್ಜೂರಿ, ಆಮೇಲೆ ಹೊಟ್ಟೆಯ ಮಾತು.

ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕೂತು ದಿನಕ್ಕೆ ಇಪ್ಪತ್ತು ನಿಮಿಷದಂತೆ ಆರು ವಾರ ಕಲಿತರೆ ಇನ್ನೂರು ಪದ ಬಾಯಿಗೆ ಬರುತ್ತವೆ. ಅಷ್ಟು ಸಾಕು. ಹಿರಿಯರಿಗೆ 'ಶಿಕಮೋ' ಎಂದು ನಮಸ್ಕರಿಸಿದರೆ ಅವರು 'ಮರಹಬಾ' ಅನ್ನುತ್ತಾರೆ. ಇದು ಕರಾವಳಿಯಲ್ಲಿ, ತಾಂಜಾನಿಯಾದಲ್ಲಿ ಹೆಚ್ಚು, ಒಳನಾಡಿನಲ್ಲಿ ಕಡಿಮೆ, ಆದರೂ ಎಲ್ಲರಿಗೂ ತಿಳಿಯುತ್ತದೆ. ಹುಡುಗರು 'ಸಾಸಾ?' ಅಂದರೆ 'ಪೋವಾ' ಅನ್ನಿ. 'ಜಾಂಬೊ' ಬಿಡಿ, ಅದು ಪ್ರವಾಸಿಗಳ ಮಾತು. 'ಪೋಲೆ' ಎಂಬ ಪದವೊಂದನ್ನು ಸರಿಯಾಗಿ ಬಳಸಿದರೆ ಹತ್ತು ವಾಕ್ಯಕ್ಕೆ ಸಮ. ಯಾರಾದರೂ ಎಡವಿದರೆ, ದಣಿದು ಬಂದರೆ, ಹುಷಾರಿಲ್ಲದಿದ್ದರೆ, ಮಳೆಯಲ್ಲಿ ನೆನೆದರೆ ಪೋಲೆ. ನಮ್ಮ 'ಅಯ್ಯೋ ಪಾಪ'ದ ಮರುಕ ಅದರಲ್ಲಿದೆ, ಕೀಳು ನೋಟ ಇಲ್ಲ. ನಿಮ್ಮಿಂದ ತಪ್ಪಾದಾಗ ಮಾತ್ರ ಪೋಲೆ ಸಾಲದು, 'ಸಮಹಾನಿ' ಅನ್ನಬೇಕು. ಲುಹ್ಯಾ ಹಳ್ಳಿಗೆ ಕಾಲಿಟ್ಟ ಕೂಡಲೇ 'ಮುಲೆಂಬೆ' ಅಂದುಬಿಡಿ. ಶಾಂತಿ, ಸಮಾಧಾನ ಎಂದರ್ಥ. ಸ್ವಾಹಿಲಿ ಬಂದಿದ್ದಕ್ಕೆ ಮೆಚ್ಚುತ್ತಾರೆ, ಮುಲೆಂಬೆಗೆ ಕೈ ಹಿಡಿದು ಒಳಗೆ ಕರೆಯುತ್ತಾರೆ.

ಇಲ್ಲೊಂದು ನಂಟು ಹೇಳಲೇಬೇಕು. 1844ರಲ್ಲಿ ಮೊಂಬಾಸಾಕ್ಕೆ ಬಂದು ಸ್ವಾಹಿಲಿಯ ದೊಡ್ಡ ನಿಘಂಟಿಗೆ ಕೂತ ಯೋಹಾನ್ ಲುಡ್ವಿಗ್ ಕ್ರಾಫ್ ಓದಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಶಾಲೆಯಲ್ಲಿ. ಅದೇ ಶಾಲೆ ನಮಗೆ ಕಿಟ್ಟೆಲ್ಲರನ್ನು ಕಳಿಸಿತು. ಕ್ರಾಫರ ನಿಘಂಟು 1882ರಲ್ಲಿ ಹೊರಬಂತು, ಕಿಟ್ಟೆಲ್ಲರ ಕನ್ನಡ ನಿಘಂಟು 1894ರಲ್ಲಿ. ಒಂದೇ ಗರಡಿಯವರು. ಕೀನ್ಯಾದ ಸಭಾಪಾಲಕರೊಬ್ಬರ ಎದುರು ಕೂತಾಗ ಇದನ್ನು ಹೇಳಿ ನೋಡಿ, ಅರ್ಧ ಗಂಟೆಯ ಮಾತಿಗೆ ಮೋಸವಿಲ್ಲ. ಅವರಿಬ್ಬರೂ ಭಾಷೆಗೆ ಕೊಟ್ಟದ್ದು ದಶಕಗಳನ್ನು. ನಾವು ಕೊಡಬೇಕಾದ್ದು ಆರು ವಾರ, ಅದಕ್ಕೂ ಹಿಂದೆಮುಂದೆ ನೋಡುತ್ತೇವೆ.

ತಂಡದೊಳಗಿನ ಒಂದು ಕಟ್ಟುಪಾಡು: ಆತಿಥೇಯರು ಒಬ್ಬರಿದ್ದರೂ ಕನ್ನಡ ಬಂದ್. ನಾಲ್ಕು ಜನ ಕನ್ನಡದಲ್ಲಿ ಮಾತಾಡಿ ನಕ್ಕರೆ, ನಡುವೆ ಕೂತ ಐದನೆಯವರಿಗೆ ತಮ್ಮನ್ನೇ ಆಡಿಕೊಂಡರೇನೋ ಅನ್ನಿಸುತ್ತದೆ. ಬಣ್ಣದ ಬಗ್ಗೆ, ಕೂದಲಿನ ಬಗ್ಗೆ ಕನ್ನಡದಲ್ಲಿ ಕೂಡ ಚುಟುಕು ಹಾರಿಸಬೇಡಿ. ಮಾತು ತಿಳಿಯದಿದ್ದರೂ ಕಣ್ಣು ತಿಳಿಯುತ್ತದೆ.

ಗಡಿಯಾರದ ಎದುರು ಬದಿ

ಸ್ವಾಹಿಲಿ ಗಂಟೆ ಗೊತ್ತಿಲ್ಲದೆ ಕೆಡುವ ಭೇಟಿಗಳಿಗೆ ಲೆಕ್ಕವಿಲ್ಲ. ಸೂರ್ಯ ಹುಟ್ಟಿದಾಗಿನಿಂದ ಎಣಿಸುತ್ತಾರೆ. ಬೆಳಗ್ಗೆ ಏಳು 'ಸಾ ಮೋಜಾ', ಅಂದರೆ ಒಂದು ಗಂಟೆ. ಒಂಬತ್ತು 'ಸಾ ತಾತು', ಮೂರು ಗಂಟೆ. ಅಜ್ಜಿ "ನಾಳೆ ಸಾ ತಾತುಗೆ ಬಾ" ಅಂದಿದ್ದನ್ನು ಪದಶಃ ತಿಳಿದು ಮಧ್ಯಾಹ್ನ ಮೂರಕ್ಕೆ ಹೋದರೆ, ಬೆಳಗ್ಗೆ ಒಂಬತ್ತಕ್ಕೆ ಮಾಡಿಟ್ಟ ಚಹಾ ಆರಿ ಆರು ತಾಸು ಕಳೆದಿರುತ್ತದೆ. ಉಪಾಯ ಸುಲಭ: ಗಡಿಯಾರದ ಮುಖದಲ್ಲಿ ಆ ಅಂಕಿಯ ನೇರ ಎದುರಿನ ಅಂಕಿ ನೋಡಿ. ಮೂರರ ಎದುರು ಒಂಬತ್ತು, ನಾಲ್ಕರ ಎದುರು ಹತ್ತು. ಅವರೇ ಇಂಗ್ಲಿಷಿನಲ್ಲಿ ಹೇಳುವಾಗ ನಮ್ಮ ಲೆಕ್ಕದಲ್ಲೇ ಹೇಳುತ್ತಾರೆ, ಗೊಂದಲ ಆಗುವುದು ಭಾಷೆ ಬದಲಿಸಿದಾಗ. ಆದ್ದರಿಂದ 'ಅಸುಬುಹಿ' ಬೆಳಗ್ಗೆಯೋ, 'ಜಿಯೋನಿ' ಸಂಜೆಯೋ ಎಂದು ಕೇಳಿ ಖಚಿತ ಮಾಡಿಕೊಳ್ಳಿ.

ನೀವು ಅಲ್ಲಿ ಮುಹಿಂದಿ

ಬಿಳಿಯರ ತಂಡಗಳಿಗೆ ಬರೆದ ಸಲಹೆಗಳಲ್ಲಿ ಈ ಮಾತು ಸಿಗುವುದಿಲ್ಲ. ಭಾರತೀಯರಿಗೆ ಅಲ್ಲಿ 'ಮುಹಿಂದಿ', ಬಹುವಚನ 'ವಾಹಿಂದಿ'. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ತನಕ ರೈಲು ಹಳಿ ಹಾಕಲು ಬ್ರಿಟಿಷರು ಇಲ್ಲಿಂದ ಮೂವತ್ತು ಸಾವಿರಕ್ಕೂ ಹೆಚ್ಚು ಕೂಲಿಗಳನ್ನು ಒಯ್ದರು. ಹಳಿಯ ಹಿಂದೆ ವ್ಯಾಪಾರಿಗಳು ಹೋದರು. ಆ ಹಳಿ ಮುಗಿದದ್ದೇ ಈಗಿನ ಕಿಸುಮುವಿನಲ್ಲಿ. ಹೀಗಾಗಿ ಅಲ್ಲಿಯವರ ಕಣ್ಣಿಗೆ ಮುಹಿಂದಿ ಎಂದರೆ ದುಕಾದ ಗಲ್ಲಾಪೆಟ್ಟಿಗೆಯ ಹಿಂದಿರುವವನು, ಕೆಲಸ ಕೊಡುವವನು, ಕೂಡಿ ಉಣ್ಣದವನು. ಇದು ಪೂರ್ತಿ ನ್ಯಾಯವಾದ ಚಿತ್ರವಲ್ಲ, 2017ರಲ್ಲಿ ಸರ್ಕಾರವೇ ಕೀನ್ಯಾದ ಏಷ್ಯಾ ಮೂಲದವರನ್ನು ದೇಶದ 44ನೇ ಬುಡಕಟ್ಟು ಎಂದು ಮಾನ್ಯ ಮಾಡಿದೆ. ಆದರೂ ಹಳ್ಳಿಯಲ್ಲಿ ನಿಮ್ಮನ್ನು ನೋಡಿದ ತಕ್ಷಣ ಎದ್ದು ಬರುವುದು ಆ ಹಳೇ ಚಿತ್ರವೇ. ಅದನ್ನು ಬದಲಿಸಲು ಭಾಷಣ ಬೇಡ, ಅವರ ಜೊತೆ ಒಂದೇ ತಟ್ಟೆಯಿಂದ ಉಗಾಲಿ ಎಂಬ ಮೆಕ್ಕೆಜೋಳದ ಮುದ್ದೆ ಮುರಿದು ತಿಂದರೆ ಸಾಕು. ಒಂದೇ ಹೊತ್ತಿನ ಊಟ ಊರೆಲ್ಲ ಸುದ್ದಿಯಾಗುತ್ತದೆ.

"ಇಂಡಿಯಾದಲ್ಲಿ ಕ್ರೈಸ್ತರಿದ್ದಾರಾ?" ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಸಿಎಸ್ಐ, ಅಂದರೆ ದಕ್ಷಿಣ ಭಾರತ ಸಭೆಯವರಾದರೆ ಉತ್ತರ ಕೈಯಲ್ಲೇ ಇದೆ: 1947ರ ಸೆಪ್ಟೆಂಬರ್ 27ರಂದು ಹಲವು ಸಭೆಗಳು ಒಂದಾಗಿ ಹುಟ್ಟಿದ ಸಭೆ, ಇವತ್ತು ಕೀನ್ಯಾದ ಆಂಗ್ಲಿಕನ್ ಸಭೆಯಂತೆಯೇ ಆಂಗ್ಲಿಕನ್ ಕೂಟದಲ್ಲಿದೆ. ಇನ್ನೊಂದು ಪ್ರಶ್ನೆಯೂ ಬರಬಹುದು, ಅದಕ್ಕೆ ತಯಾರಾಗಿರಿ: ನಿಮ್ಮ ಊರಲ್ಲಿ ಆಫ್ರಿಕಾದ ವಿದ್ಯಾರ್ಥಿಗಳನ್ನು ಯಾಕೆ ಹೊಡೆಯುತ್ತಾರೆ? 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ನಡೆದದ್ದು ಅಲ್ಲೂ ಸುದ್ದಿಯಾಗಿತ್ತು. "ನಮ್ಮವರು ಹಾಗಲ್ಲ" ಎಂದು ಜಾರಿಕೊಳ್ಳಬೇಡಿ. ನಡೆದದ್ದು ನಿಜ, ನಾಚಿಕೆಗೇಡು ಎಂದು ಒಪ್ಪಿ ಸುಮ್ಮನಾಗಿ. ಒಪ್ಪಿಕೊಂಡವರ ಜೊತೆ ಮಾತು ಮುಂದುವರಿಯುತ್ತದೆ.

ಭಾನುವಾರ

ಉಡುಪಿನ ವಿಷಯದಲ್ಲಿ ತಂಡಗಳು ಮುಗ್ಗರಿಸುವುದು ಇಲ್ಲೇ. ಮಣ್ಣಿನ ಗೋಡೆಯ ಮನೆಯಿಂದಲೂ ಇಸ್ತ್ರಿ ಮಾಡಿದ ಕೋಟು, ಮಿರುಗುವ ಬೂಟು ಹಾಕಿಕೊಂಡು ಬರುತ್ತಾರೆ. ನೀವು ಒಂದೇ ಬಣ್ಣದ ಟಿ-ಶರ್ಟು, ಜೀನ್ಸು ತೊಟ್ಟು ಹೋದರೆ ದೇವರ ಮನೆಗೆ ಹೊಲದ ಬಟ್ಟೆಯಲ್ಲಿ ಬಂದ ಹಾಗೆ. ಗಂಡಸರಿಗೆ ತೋಳುದ್ದದ ಅಂಗಿ, ಹೆಂಗಸರಿಗೆ ಸೀರೆ. ಸೀರೆ ಉಟ್ಟವರ ಸುತ್ತ ಆರಾಧನೆ ಮುಗಿದ ಮೇಲೆ ಹೆಂಗಸರ ಗುಂಪು ಕಟ್ಟುತ್ತದೆ. ಹೆಚ್ಚಿಗೆ ಒಂದು ಸೀರೆ ಇಟ್ಟುಕೊಂಡು ಹೋಗಿ ಉಡಿಸುವುದಕ್ಕೆ ಕೂತರೆ, ಮೂರು ದಿನದ ವಿಚಾರಗೋಷ್ಠಿಯಲ್ಲಿ ಆಗದ ಪರಿಚಯ ಅರ್ಧ ಗಂಟೆಯಲ್ಲಿ ಆಗುತ್ತದೆ.

ಅತಿಥಿಗಳನ್ನು ಎದ್ದು ನಿಲ್ಲಿಸಿ "ಸಭೆಯನ್ನು ವಂದಿಸಿ" ಅನ್ನುತ್ತಾರೆ. ಇದು ಸಾಕ್ಷಿ ಹೇಳುವ ಹೊತ್ತಲ್ಲ, ಪ್ರಸಂಗ ಮಾಡುವ ಹೊತ್ತಂತೂ ಅಲ್ಲ. ಎರಡು ನಿಮಿಷ. "ಬ್ವಾನ ಆಸಿಫಿವೆ" ಎಂದು ಶುರುಮಾಡಿ, ಕರ್ತನಿಗೆ ಸ್ತೋತ್ರ ಎಂದು. ಸಭೆ ಆಮೆನ್ ಅನ್ನುತ್ತದೆ. "ಜಿನಾ ಲಾಂಗು ನಿ" ಎಂದು ಹೆಸರು ಹೇಳಿ. "ನಿಮೆಲೇತಾ ಸಲಾಮು ಕುತೋಕಾ ಕನಿಸಾ ಲೇತು", ನಮ್ಮ ಸಭೆಯಿಂದ ವಂದನೆ ತಂದಿದ್ದೇನೆ ಅನ್ನಿ. "ಅಸಾಂತೇನಿ", ನಿಮಗೆಲ್ಲ ಧನ್ಯವಾದ ಎಂದು ಕೂತುಬಿಡಿ. ಈ ಸಲಾಮು ಬಾಯಿ ಉಪಚಾರವಲ್ಲ, ಊರಿಂದ ನಿಜಕ್ಕೂ ತರಬೇಕಾದ ವಸ್ತು. ಹೊರಡುವ ಭಾನುವಾರ ನಿಮ್ಮ ಸಭೆಯಲ್ಲಿ ಹೇಳಿಸಿಕೊಂಡು ಬನ್ನಿ. ಅವರ ಬಡತನವನ್ನು ಕಂಡು ಮನ ಕರಗಿತು ಎಂಬ ಮಾದರಿಯ ಮಾತು ಬೇಡವೇ ಬೇಡ. ಕೇಳುತ್ತಾ ಕೂತವರಲ್ಲಿ ಶಾಲಾ ಮುಖ್ಯೋಪಾಧ್ಯಾಯರಿರುತ್ತಾರೆ, ನರ್ಸುಗಳಿರುತ್ತಾರೆ.

ಕಾಣಿಕೆಯಲ್ಲಿ ದುಡ್ಡಿನ ಜೊತೆ ಮೊಟ್ಟೆ, ಕಬ್ಬು, ಬಾಳೆಗೊನೆ, ಕಾಲು ಕಟ್ಟಿದ ಕೋಳಿಯೂ ಬರಬಹುದು. ಆರಾಧನೆ ಮುಗಿದ ಮೇಲೆ ಹೊರಗೆ ಹರಾಜು. ನಮ್ಮ ಸುಗ್ಗಿ ಹಬ್ಬದ ಹರಾಜು ಕಂಡವರಿಗೆ ಇದು ಹೊಸದಲ್ಲ. ಧಾರಾಳವಾಗಿ ಕೂಗಿ, ಆದರೆ ಎಲ್ಲವನ್ನೂ ನೀವೇ ಗೆಲ್ಲಬೇಡಿ. ಒಂದು ಕೋಳಿ ಗೆದ್ದು ಸಭೆಯ ಹಿರಿಯ ಅಜ್ಜಿಯ ಕೈಗೆ ಕೊಟ್ಟರೆ ನಗೆಯೂ ಎದ್ದೀತು, ಮನೆಗೆ ಕರೆಯೂ ಬಂದೀತು.

ಹೋಡಿ

ಮನೆಭೇಟಿಗೆ ಇಬ್ಬರು ಹೋಗಿ, ಹೆಚ್ಚೆಂದರೆ ಮೂವರು. ಹತ್ತು ಜನ ನುಗ್ಗಿದರೆ ಆ ಮನೆಗೆ ಅದು ಮದುವೆ ಖರ್ಚು, ಮಾತಿಗೆ ಜಾಗವಿಲ್ಲ. ಎರಡು ಕಿಲೋ ಸಕ್ಕರೆ, ಕಾಲು ಕಿಲೋ ಚಹಾಪುಡಿ, ಒಂದು ಬ್ರೆಡ್ಡು, ಒಂದು ಬಾರ್ ಸಾಬೂನು ಇಷ್ಟನ್ನು ಅಲ್ಲಿಯ ಅಂಗಡಿಯಲ್ಲೇ ಕೊಂಡು ಬಟ್ಟೆ ಚೀಲದಲ್ಲಿ ಒಯ್ಯಿರಿ. ಎಲ್ಲರೆದುರು ಎತ್ತಿ ತೋರಿಸಿ ಕೊಡುವುದಲ್ಲ, ಮನೆಯಾಕೆಯ ಕೈಗೆ ಸದ್ದಿಲ್ಲದೆ. ಕೆಲವು ಮನೆಗಳಲ್ಲಿ ಚೀಲ ಖಾಲಿ ವಾಪಸು ಬರುವುದಿಲ್ಲ, ನಾಲ್ಕು ಬೆಣ್ಣೆಹಣ್ಣೋ ಕಡಲೆಕಾಯಿಯೋ ಇರುತ್ತದೆ. ನಮ್ಮಲ್ಲೂ ಪಾತ್ರೆ ಖಾಲಿ ಕಳಿಸುತ್ತಿರಲಿಲ್ಲ, ನೆನಪಿರಲಿ. ಬೇಡ ಅನ್ನಬೇಡಿ.

ಅಂಗಳದಲ್ಲಿ ನಿಂತು "ಹೋಡಿ" ಎಂದು ಕೂಗಬೇಕು. ಒಳಗಿನಿಂದ "ಕರಿಬು" ಬರುವ ತನಕ ಹೊಸ್ತಿಲು ದಾಟಬಾರದು. ಒಳಗೆ ಹೋದರೆ ಕೂತವರೆಲ್ಲರ ಕೈ ಕುಲುಕಬೇಕು, ಮಗುವನ್ನೂ ಬಿಡಬಾರದು. ಹಿರಿಯರಿಗಾದರೆ ಬಲಗೈ ನೀಡುವಾಗ ಎಡಗೈಯಿಂದ ಬಲ ಮುಂಗೈ ಹಿಡಿದುಕೊಳ್ಳಿ, ಅದು ಗೌರವದ ಗುರುತು. ಸೋಫಾದ ಬೆನ್ನಿಗೂ ತೋಳಿಗೂ ಕ್ರೋಷಾ ಹೆಣೆದ ಬಿಳಿ ಬಟ್ಟೆ, 'ವಿತಂಬಾ' ಹಾಸಿರುತ್ತಾರೆ. ಒರಗಿದರೆ ಜಾರುತ್ತದೆ. ಎದ್ದಾಗ ನೆಟ್ಟಗೆ ಮಾಡಿ. ಯಾರು ಹೆಣೆದಿದ್ದು ಎಂದು ಕೇಳಿ. ಕ್ರೋಷಾ ಬಲ್ಲ ಮಂಗಳೂರಿನ ಅಮ್ಮಂದಿರಿಗೆ ಇಲ್ಲಿಂದ ಮುಂದೆ ನನ್ನ ಸಲಹೆ ಬೇಕಾಗಿಲ್ಲ.

ಮನೆಯಾಕೆಯನ್ನು ಹೆಸರು ಹಿಡಿದು ಕರೆಯುವುದಿಲ್ಲ, ಹಿರಿ ಮಗುವಿನ ಹೆಸರಿನಿಂದ 'ಮಾಮಾ ಇಂಥವರು', ಗಂಡಸಾದರೆ 'ಬಾಬಾ ಇಂಥವರು'. ವಯಸ್ಸಾದವರು 'ಮ್ಜೀ'. ಮಕ್ಕಳೆಷ್ಟು ಎಂದು ಎಣಿಕೆ ಕೇಳಬೇಡಿ. ಮಕ್ಕಳನ್ನೂ ದನಗಳನ್ನೂ ಎಣಿಸುವುದು ಒಳ್ಳೆಯದಲ್ಲ ಎಂಬ ನಂಬಿಕೆ ಹಲವು ಕಡೆ ಇದೆ. ಹೆಸರು ಕೇಳಿ, ಓದು ಕೇಳಿ, ಎಣಿಕೆ ತಾನೇ ತಿಳಿಯುತ್ತದೆ.

ಊಟಕ್ಕೆ ಮುಂಚೆ ಮನೆಯ ಹುಡುಗಿಯೋ ಹುಡುಗನೋ ಜಗ್ಗು, ಬೋಗುಣಿ ಹಿಡಿದು ಬಂದು ಒಬ್ಬೊಬ್ಬರ ಕೈಗೂ ಬೆಚ್ಚನೆ ನೀರು ಹನಿಸುತ್ತಾ ಹೋಗುತ್ತಾರೆ. ಜೇಬಿನಿಂದ ಸ್ಯಾನಿಟೈಸರ್ ತೆಗೆಯಬೇಡಿ. ಆ ನೀರಿನಲ್ಲೇ ತೊಳೆದು 'ಅಸಾಂತೆ' ಅನ್ನಿ. ತೊಳೆದ ಮೇಲೆ ಪ್ರಾರ್ಥನೆ. ನೆಂಟರಿಗೆ ಕೋಳಿ, ಲುಹ್ಯಾ ಮನೆಯಲ್ಲಿ ಅದಿಲ್ಲದೆ ಉಪಚಾರವಿಲ್ಲ. ಕೋಳಿ ಕಾಳು ಅರೆಯುವ ಗಟ್ಟಿ ಚೀಲ, ಅಂಗಡಿಯವರು ಗಿಜರ್ಡ್ ಅನ್ನುವುದು, ಯಜಮಾನನ ಪಾಲು. ಅದು ನಿಮ್ಮ ತಟ್ಟೆಗೆ ಬಂದರೆ ನಿಮಗೆ ದೊಡ್ಡ ಮರ್ಯಾದೆ ಸಂದಿದೆ. ತಿನ್ನಿ. ತಂಡದಲ್ಲಿ ಸಸ್ಯಾಹಾರಿಗಳಿದ್ದರೆ ವಾರ ಮುಂಚೆಯೇ ತಿಳಿಸಬೇಕು, ಅದೂ "ನ್ಯಾಮಾ ತಿನ್ನುವುದಿಲ್ಲ" ಎಂದಷ್ಟೇ ಅಲ್ಲ. ನ್ಯಾಮಾ ಎಂದರೆ ದನ, ಆಡಿನ ಮಾಂಸ ಎಂದುಕೊಂಡು ಕೋಳಿ ಮಾಡಿಬಿಡುತ್ತಾರೆ. ಕೋಳಿ 'ಕುಕು', ಮೀನು 'ಸಮಾಕಿ' ಎಂದು ಬಿಡಿಸಿ ಹೇಳಬೇಕು. ಚಹಾ ಮಾತ್ರ ಯಾರೂ ನಿರಾಕರಿಸಬೇಡಿ. ಹಾಲು, ನೀರು, ಚಹಾಪುಡಿ ಒಟ್ಟಿಗೆ ಕುದಿಸಿದ್ದು, ನಮ್ಮದೇ ರುಚಿ. ಸಾಕಾದರೆ 'ಕಿದೋಗೊ', ಸ್ವಲ್ಪ ಎಂದು ಅರ್ಧ ಲೋಟ ಹಾಕಿಸಿಕೊಳ್ಳಿ.

ಹೊರಡಬೇಕಾದರೆ ಎದ್ದು ನಿಲ್ಲುವುದಲ್ಲ, ಹೊರಡಲು ಅಪ್ಪಣೆ ಕೇಳುವುದು. ಮನೆಯ ಹಿರಿಯರು ಪ್ರಾರ್ಥಿಸುತ್ತಾರೆ, ಮಿಷನ್ನಿನವರು ನಾವು ಎಂದು ನೀವು ಮುಂದಾಗಬೇಡಿ. ಆಮೇಲೆ ಬರುವುದು 'ಕುಸಿಂದಿಕಿಜಾ', ಬೀಳ್ಕೊಡುವ ನಡಿಗೆ. ಬಾಗಿಲಲ್ಲಿ ಕೈಬೀಸಿ ಕಳಿಸುವ ಪದ್ಧತಿ ಅಲ್ಲಿಲ್ಲ, ಜೊತೆಯಲ್ಲಿ ನಡೆದು ಬರುತ್ತಾರೆ, ಕೆಲವೊಮ್ಮೆ ದೊಡ್ಡ ರಸ್ತೆಯ ತನಕ. ವ್ಯಾನು ಅಂಗಳಕ್ಕೇ ತರಿಸಿದ ತಂಡಗಳು ಕಳೆದುಕೊಳ್ಳುವುದು ಇದನ್ನೇ. ಒಳಗೆ ಹಿರಿಯರೆದುರು ಬಾಯಿ ಬಿಡದ ಸೊಸೆ, ಕೆಲಸ ಸಿಗದ ಮಗ, ಮಾತಾಡುವುದು ಜೋಳದ ಹೊಲದ ನಡುವಿನ ಆ ಕಾಲುದಾರಿಯಲ್ಲಿ. ವ್ಯಾನನ್ನು ಅರ್ಧ ಕಿಲೋಮೀಟರು ದೂರದಲ್ಲೇ ನಿಲ್ಲಿಸಿ.

ಮುದ್ದೆಯ ತವರು

ಅಡುಗೆಮನೆಗೆ ಕರೆಸಿಕೊಳ್ಳುವ ಉಪಾಯ ಒಂದೇ, ಕಲಿಸಿ ಎಂದು ಕೇಳುವುದು. ಉಗಾಲಿ ನಮ್ಮ ಮುದ್ದೆಯ ಅಕ್ಕ. ಆರು ಜನಕ್ಕೆ ಒಂದೂವರೆ ಲೀಟರ್ ನೀರು, ಮುಕ್ಕಾಲು ಕಿಲೋದಷ್ಟು ಮೆಕ್ಕೆಜೋಳದ ಹಿಟ್ಟು, ಉಪ್ಪಿಲ್ಲ. ನೀರು ಕೊತಕೊತ ಕುದಿಯುವ ಮುಂಚೆ ಹಿಟ್ಟು ಸುರಿದರೆ, ಇಲ್ಲವೇ ಒಂದೇ ಸಲ ಸುರಿದರೆ ಗಂಟು. ಹಿಡಿ ಹಿಡಿಯಾಗಿ ಉದುರಿಸುತ್ತಾ 'ಮ್ವಿಕೊ' ಎಂಬ ಮರದ ಚಪ್ಪಟೆ ಸೌಟಿನಿಂದ ಪಾತ್ರೆಯ ಗೋಡೆಗೆ ಒತ್ತಿ ತಿರುವಬೇಕು. ಹತ್ತು ನಿಮಿಷಕ್ಕೆ ಮುಂಚೆ ಇಳಿಸಿದರೆ ಹಸಿ ವಾಸನೆ. ಬೆಂದಿದ್ದು ಪಾತ್ರೆಯ ಅಂಚು ಬಿಡುತ್ತದೆ, ಸುಟ್ಟ ಜೋಳದ ಕಂಪು ಬರುತ್ತದೆ. ತಟ್ಟೆಗೆ ಮಗುಚಿದರೆ ಗುಡ್ಡ. ಮುದ್ದೆಕೋಲು ಹಿಡಿದ ತೋಳಾದರೂ ಮ್ವಿಕೊ ಹಿಡಿದಾಗ ಮೊದಲ ಸಲ ಸೋಲುತ್ತದೆ, ಮನೆಯಾಕೆ ನಗುತ್ತಾಳೆ. ಆ ನಗೆಗೇ ನೀವು ಹೋದದ್ದು. ತಿನ್ನುವಾಗ ನೆನಪಿಡಿ: ಮುದ್ದೆಯನ್ನು ನುಂಗಬೇಕು, ಉಗಾಲಿಯನ್ನು ಅಗಿಯಬೇಕು. ಚಿಕ್ಕ ಉಂಡೆ ಮಾಡಿ ಹೆಬ್ಬೆರಳಿನಿಂದ ಗುಳಿ ಒತ್ತಿ 'ಸುಕುಮಾ ವಿಕಿ' ಸೊಪ್ಪಿನ ಪಲ್ಯ ಅದರಲ್ಲಿ ಎತ್ತಿಕೊಳ್ಳಬೇಕು. ಸುಕುಮಾ ವಿಕಿ ಎಂದರೆ ವಾರ ತಳ್ಳುವುದು. ಸಂಬಳದ ಕೊನೆಯ ವಾರ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ.

ನೀವು ತಿರುಗಿ ಕಲಿಸಬಹುದಾದ್ದೂ ಒಂದಿದೆ. ರಾಗಿಯ 'ವಿಂಬಿ' ಅಲ್ಲಿನ ಸಂತೆಯಲ್ಲಿ ಸಿಗುತ್ತದೆ, ಅದರ 'ಉಜಿ' ನಮ್ಮ ಅಂಬಲಿಯೇ. ರಾಗಿ ಹುಟ್ಟಿದ್ದೇ ಪೂರ್ವ ಆಫ್ರಿಕಾದ ಮಲೆಸೀಮೆಯಲ್ಲಿ, ಸಾವಿರಾರು ವರ್ಷದ ಹಿಂದೆ ನಮ್ಮ ಕಡೆಗೆ ಬಂತು. ಊರಿಂದ ಹಿಟ್ಟು ಹೊರಬೇಡಿ, ಅಲ್ಲೇ ಕೊಳ್ಳಿ. ಉಜಿಗೆಂದು ಮಾರುವ ಹಿಟ್ಟಿಗೆ ಬಿಳಿಜೋಳ, ಮರಗೆಣಸು ಬೆರೆಸಿರುತ್ತಾರೆ, ಮುದ್ದೆ ಅಂಟಂಟಾಗುತ್ತದೆ. 'ವಿಂಬಿ ತುಪು', ಬರೀ ರಾಗಿ ಎಂದು ಕೇಳಿ ತನ್ನಿ. ಮುದ್ದೆ ಕಟ್ಟಿ ಅವರದೇ ಕೋಳಿ ಸಾರಿಗೆ ಬಡಿಸಿ, ನಿಮ್ಮ ಊರಿನದೇ ಧಾನ್ಯ ನಾವು ಉಣ್ಣುತ್ತಿರುವುದು ಎಂದು ಹೇಳಿ.

ಮಾತಿಗೆ ಕ್ರಿಕೆಟ್ ಎತ್ತುವ ಚಪಲ ನಮ್ಮವರಿಗೆ. 2003ರ ವಿಶ್ವಕಪ್ ಸೆಮಿಫೈನಲಿನಲ್ಲಿ ಭಾರತದ ಎದುರು ಆಡಿದ್ದು ಕೀನ್ಯಾವೇ, ಆದರೆ ಹಳ್ಳಿಯಲ್ಲಿ ಅದು ಯಾರಿಗೂ ಬೇಕಿಲ್ಲ. ಇಂಗ್ಲೆಂಡಿನ ಫುಟ್ಬಾಲ್ ಕ್ಲಬ್ಬುಗಳ ಹೆಸರು ನಾಲ್ಕು ಕಲಿತು ಹೋಗಿ. "ನಿಮ್ಮದು ಯಾವ ಬುಡಕಟ್ಟು" ಎಂದು ಅಪರಿಚಿತರನ್ನು ಕೇಳಬೇಡಿ. 2007ರ ಚುನಾವಣೆಯ ಬೆನ್ನಿಗೆ ನಡೆದ ಗಲಭೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಆ ಪ್ರಶ್ನೆಯ ಗಾಯ ಇನ್ನೂ ಮಾಗಿಲ್ಲ.

ದುಡ್ಡು

ನಾಲ್ಕನೇ ದಿನಕ್ಕೋ ಐದನೇ ದಿನಕ್ಕೋ ಹೊಸ ಗೆಳೆಯ ಕೇಳುತ್ತಾನೆ: ತಂಗಿಯ ಫೀಸು ಕಟ್ಟಬೇಕು. ತಂಡದವರು ಕೂಡಲೇ ಎರಡಾಗುತ್ತಾರೆ. ಒಬ್ಬರು ಕರಗಿ ಪರ್ಸು ತೆಗೆಯುತ್ತಾರೆ, ಇನ್ನೊಬ್ಬರು "ಇದಕ್ಕೇ ಗೆಳೆತನ ಮಾಡಿದನಾ" ಎಂದು ಮುಖ ಸಿಂಡರಿಸುತ್ತಾರೆ. ಎರಡೂ ತಪ್ಪು. ಅಲ್ಲಿ ಫೀಸಿಗೆ, ಆಸ್ಪತ್ರೆಗೆ, ಹೆಣ ಮಣ್ಣು ಮಾಡುವುದಕ್ಕೆ ಎಲ್ಲರೂ ಎಲ್ಲರ ಹತ್ತಿರವೂ ಕೇಳುತ್ತಾರೆ, ಕೊಡುತ್ತಾರೆ. ದೇಶದ ಲಾಂಛನದ ಮೇಲಿರುವ 'ಹರಾಂಬೆ' ಎಂಬ ಪದ ಅದೇ, ಕೂಡಿ ಎಳೆಯುವುದು. ನಿಮ್ಮನ್ನು ಕೇಳಿದ್ದರೆ ನಿಮ್ಮನ್ನು ಆ ವಲಯದೊಳಗೆ ಎಣಿಸಿದ್ದಾರೆ. ಕೇಳಿದ್ದು ಅವಮಾನವಲ್ಲ, ಇಲ್ಲ ಅನ್ನುವುದೂ ಅವಮಾನವಲ್ಲ.

ಕೆಡುವುದು ಮೂರು ರೀತಿಯಲ್ಲಿ. ಒಂದು, "ನನ್ನ ಹತ್ತಿರ ಇಲ್ಲ" ಅನ್ನುವುದು. ವಿಮಾನ ಹತ್ತಿ ಬಂದವರ ಬಾಯಲ್ಲಿ ಅದು ಸುಳ್ಳೆಂದು ಮಗುವಿಗೂ ಗೊತ್ತು. ಎರಡು, ನಮ್ಮ "ನೋಡೋಣ". ನಮಗೆ ಅದು ಮೆತ್ತಗಿನ ಇಲ್ಲ. ದೂರದಿಂದ ಬಂದ ಅತಿಥಿಯ ಬಾಯಲ್ಲಿ ಅಲ್ಲಿ ಅದು ಮಾತು ಕೊಟ್ಟ ಹಾಗೆ, ಮುಂದಿನ ಟರ್ಮಿನ ತನಕ ಕಾಯುತ್ತಾರೆ. ಮೂರು, ಯಾರಿಗೂ ಹೇಳದೆ ಒಬ್ಬನ ಎಂ-ಪೆಸಾಗೆ ಕಳಿಸುವುದು. 2007ರಿಂದ ಇರುವ ಈ ಮೊಬೈಲ್ ಹಣದಲ್ಲಿ ದುಡ್ಡು ಕ್ಷಣದಲ್ಲಿ ಹೋಗುತ್ತದೆ, ಸುದ್ದಿ ಅದಕ್ಕಿಂತ ಬೇಗ ಹೋಗುತ್ತದೆ. ಮಾರನೇ ದಿನ ಹನ್ನೆರಡು ಕೋರಿಕೆ, ನಿಮ್ಮ ಗೆಳೆಯನ ಮೇಲೆ ಊರಿನ ಕಣ್ಣು.

ಹೊರಡುವ ಮುಂಚೆಯೇ ತಂಡ ತೀರ್ಮಾನಿಸಬೇಕು: ಕೊಡುವುದೆಲ್ಲ ಅಲ್ಲಿಯ ಸಭೆಯ ಸಮಿತಿಯ ಮೂಲಕ, ರಸೀತಿ ಸಹಿತ, ಬಿಡಿಯಾಗಿ ಯಾರೂ ಕೊಡುವಂತಿಲ್ಲ. ಕೇಳಿದಾಗ "ಪೋಲೆ, ನಾವು ಹೀಗೆ ಒಪ್ಪಿಕೊಂಡು ಬಂದಿದ್ದೇವೆ, ನಿನ್ನ ವಿಷಯ ಸಭಾಪಾಲಕರಿಗೆ ತಿಳಿಸಲಾ?" ಎಂದು ಕೇಳಿ. ಬೇಡ ಅಂದರೆ ಬಿಡಿ. ಅವನ ತಂಗಿಯ ಹೆಸರು ಕೇಳಿ, ಓದು ಕೇಳಿ, ಮಾರನೇ ದಿನ ಅವಳ ವಿಷಯ ಮತ್ತೆ ವಿಚಾರಿಸಿ. ದುಡ್ಡಿಲ್ಲ ಅಂದ ಮೇಲೂ ಮಾತು ಬಿಡದವರನ್ನು ಅಲ್ಲಿ 'ರಫೀಕಿ', ಗೆಳೆಯ ಅನ್ನುತ್ತಾರೆ.

ಫೋಟೊ ಬಗ್ಗೆ ಚಿಕ್ಕ ಮಾತು. ಮಕ್ಕಳ ಫೋಟೊ ಹೆತ್ತವರನ್ನು ಕೇಳದೆ ತೆಗೆಯಬೇಡಿ, ಕೇಳಿ ತೆಗೆದದ್ದನ್ನೂ ಜಾಲತಾಣಕ್ಕೆ ಹಾಕಬೇಡಿ. ಮಗುವಿನ ಜೊತೆ ಒಬ್ಬರೇ ಮುಚ್ಚಿದ ಕೋಣೆಯಲ್ಲಿ ಇರಬೇಡಿ. ತೆಗೆದ ಫೋಟೊವನ್ನು ಹತ್ತಿರದ ಪಟ್ಟಣದಲ್ಲಿ ಅಚ್ಚು ಹಾಕಿಸಿ ಹೊರಡುವ ಮುಂಚೆ ಮನೆಗೆ ಮುಟ್ಟಿಸಿ. ಅಜ್ಜಿಯ ಗೋಡೆಗೆ ವಾಟ್ಸಾಪ್ ತೂಗುಹಾಕಲು ಬರುವುದಿಲ್ಲ.

ಊರಿಗೆ ಮರಳಿದ ಮೊದಲ ವಾರದಲ್ಲೇ ಎಷ್ಟೋ ಪರಿಚಯ ಸಾಯುತ್ತದೆ. ಎಲ್ಲರಿಗೂ ನಂಬರು ಕೊಟ್ಟು ಬಂದಿರುತ್ತಾರೆ, ಮೂವತ್ತು ಸಂದೇಶ ಬರುತ್ತವೆ, ಯಾವುದಕ್ಕೂ ಉತ್ತರ ಹೋಗುವುದಿಲ್ಲ. ಇಬ್ಬರಿಗೆ, ಹೆಚ್ಚೆಂದರೆ ಮೂವರಿಗೆ ಕೊಡಿ. ಅವರಿಗೆ ತಿಂಗಳಿಗೊಮ್ಮೆ ಒಂದು ನಿಮಿಷದ ಧ್ವನಿ ಸಂದೇಶ ಕಳಿಸಿ. ವಿಡಿಯೊ ಕರೆ ಅವರ ಡೇಟಾ ತಿನ್ನುತ್ತದೆ. ಅವರ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಅವರು ರಾತ್ರಿ ಊಟ ಮುಗಿಸಿ ಎಂಟೂವರೆಗೆ ಕರೆದರೆ ನಮ್ಮಲ್ಲಿ ಹನ್ನೊಂದು, ಬೈದುಕೊಳ್ಳಬೇಡಿ.

ಅಲ್ಲಿಂದ ಹೊರಡುವ ಭಾನುವಾರ ಅವರೂ ನಿಮ್ಮ ಕೈಯಲ್ಲಿ ಸಲಾಮು ಕಳಿಸಿರುತ್ತಾರೆ, ಅದನ್ನು ಮುಟ್ಟಿಸಬೇಕು. ಬಂದ ಮೊದಲ ಭಾನುವಾರ ನಿಮ್ಮ ಸಭೆಯಲ್ಲಿ ಸ್ಲೈಡ್ ಹಾಕುವ ಮುಂಚೆ ಎದ್ದು ನಿಂತು, ಕಳಿಸಿದವರ ಹೆಸರು ಹೇಳಿ ಆ ವಂದನೆ ಒಪ್ಪಿಸಿ. ಇಡೀ ಸಭೆ ಒಟ್ಟಿಗೆ "ಅಸಾಂತೇನಿ" ಅನ್ನುವುದನ್ನು ಫೋನಿನಲ್ಲಿ ಇಪ್ಪತ್ತು ಸೆಕೆಂಡು ಹಿಡಿದು ಅಲ್ಲಿಯ ಸಭಾಪಾಲಕರಿಗೆ ಕಳಿಸಿ. ಇಲ್ಲಿ ಆರಾಧನೆ ಹತ್ತೂವರೆಗೆ ಮುಗಿದರೆ ಅಲ್ಲಿ ಇನ್ನೂ ಎಂಟು ಗಂಟೆ, ಅವರ ಲೆಕ್ಕದಲ್ಲಿ ಸಾ ಮ್ಬಿಲಿ. ಅವರ ಆರಾಧನೆ ಶುರುವಾಗುವ ಮುಂಚೆ ತಲುಪಿರುತ್ತದೆ.